ಅಮೆರಿಕದ ನೌಕಾಪಡೆಯ ಸ್ಟೂವರ್ಡ್‌ಗಳನ್ನು ಮರೆಯಬಾರದು

ಮಾನ್ಯ ಸಂಪಾದಕರೇ,

ಅಮೆರಿಕದ ಸೇನೆಯಲ್ಲಿ ವರ್ಣಭೇದ ಕೊನೆಗೊಂಡ ಬಗೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. 1948ರ ಜುಲೈ 26ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು 9981ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದೊಡನೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲೂ ಕಪ್ಪು ಜನರಿಗೆ ಬಾಗಿಲು ತೆರೆಯಿತು ಎಂಬ ಅರ್ಥ ಬರುವಂತೆ ಅದರಲ್ಲಿ ಬರೆಯಲಾಗಿದೆ. ಆ ಆದೇಶದ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೌಕಾಪಡೆಯ ಮಟ್ಟಿಗೆ ಈ ಮಾತು ಎರಡೂ ಕಡೆಯಿಂದ ತಪ್ಪುತ್ತದೆ. ಕಾಗದದ ಮೇಲಿನ ಸಮಾನತೆ ಅಲ್ಲಿಗೆ ಟ್ರೂಮನ್ ಆದೇಶಕ್ಕಿಂತ ಮೊದಲೇ ಬಂದಿತ್ತು. ಹಡಗಿನೊಳಗಿನ ಸಮಾನತೆ ಆ ಆದೇಶ ಹೊರಟು ವರ್ಷಗಳು ಕಳೆದರೂ ಪೂರ್ತಿಯಾಗಿ ಬಂದಿರಲಿಲ್ಲ.

1946ರ ಫೆಬ್ರುವರಿ 27ರಂದು ನೌಕಾಪಡೆಯು ಒಂದು ಸುತ್ತೋಲೆಯನ್ನು ಹೊರಡಿಸಿ, ಕಪ್ಪು ನಾವಿಕರನ್ನು ಯಾವ ಹುದ್ದೆಗೆ, ಯಾವ ಹಡಗಿಗೆ ನೇಮಿಸಬಹುದು ಎಂಬ ಬಗ್ಗೆ ಇದ್ದ ಎಲ್ಲ ನಿರ್ಬಂಧಗಳನ್ನೂ ತೆಗೆದುಹಾಕಿತು. ವಸತಿಯಲ್ಲಾಗಲಿ ಊಟದಲ್ಲಾಗಲಿ ಅವರಿಗೆ ಪ್ರತ್ಯೇಕ ಏರ್ಪಾಡು ಇರಕೂಡದೆಂದೂ ಅದರಲ್ಲಿ ಹೇಳಲಾಗಿತ್ತು. ಟ್ರೂಮನ್ ಆದೇಶಕ್ಕಿಂತ ಎರಡು ವರ್ಷಕ್ಕೂ ಮೊದಲಿನ ಮಾತಿದು. ಇದರ ಹಿಂದೆ ನೌಕಾಪಡೆಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಫಾರೆಸ್ಟಲ್ ಅವರ ಒತ್ತಾಸೆಯಿತ್ತು. 1944ರಲ್ಲಿಯೇ ಅವರು 25 ಸಹಾಯಕ ಹಡಗುಗಳಲ್ಲಿ ಕಪ್ಪು ನಾವಿಕರನ್ನು ಬಿಳಿಯರೊಂದಿಗೆ ಸೇರಿಸಿ ಪರೀಕ್ಷಿಸಿದ್ದರು. 1945ರಲ್ಲಿ, ಕಪ್ಪು ಜನರ ಏಳಿಗೆಗಾಗಿ ದುಡಿಯುತ್ತಿದ್ದ ಸಂಸ್ಥೆಯಾದ ನ್ಯಾಷನಲ್ ಅರ್ಬನ್ ಲೀಗ್‌ನ ಲೆಸ್ಟರ್ ಗ್ರ್ಯಾಂಜರ್ ಅವರನ್ನು ಸಲಹೆಗಾರರನ್ನಾಗಿ ಕರೆಸಿಕೊಂಡು, ನೆಲೆಗಳನ್ನು ಸುತ್ತಿ ನಾವಿಕರ ಅಹವಾಲುಗಳನ್ನು ಕೇಳಿ ಬರುವಂತೆ ಮಾಡಿದ್ದರು.

ಸುತ್ತೋಲೆ ಇಷ್ಟು ಉದಾರವಾಗಿದ್ದರೂ ಬಹುಪಾಲು ಕಪ್ಪು ನಾವಿಕರ ಬದುಕು ಬದಲಾಗಲಿಲ್ಲ. ಏಕೆ ಎಂಬುದನ್ನು ತಿಳಿಯಲು ಅಧಿಕಾರಿಗಳ ಊಟೋಪಚಾರ ನೋಡಿಕೊಳ್ಳುತ್ತಿದ್ದ ಸ್ಟೂವರ್ಡ್ ವಿಭಾಗದತ್ತ ನೋಡಬೇಕು. ನಿಮ್ಮ ಲೇಖನದಲ್ಲಿ ಆ ಪದವೇ ಇಲ್ಲ. ಮೊದಲನೆಯ ಮಹಾಯುದ್ಧದ ನಂತರ ನೌಕಾಪಡೆ ಕಪ್ಪು ಜನರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತ್ತು. 1930ರ ದಶಕದ ಆರಂಭದಲ್ಲಿ ಮತ್ತೆ ಸೇರಿಸಿಕೊಳ್ಳತೊಡಗಿದಾಗಲೂ ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸುವ, ಹಾಸಿಗೆ ಸರಿಪಡಿಸುವ, ಬೂಟು ಹೊಳೆಯಿಸುವ ಕೆಲಸಕ್ಕೆ ಮಾತ್ರ. ಪರ್ಲ್ ಹಾರ್ಬರ್ ದಾಳಿಯ ದಿನ ತರಬೇತಿಯೇ ಇಲ್ಲದೆ ವಿಮಾನ ನಿರೋಧಕ ಬಂದೂಕನ್ನು ಹಿಡಿದು ಹೋರಾಡಿ ನೇವಿ ಕ್ರಾಸ್ ಪದಕ ಪಡೆದ ಡೋರಿ ಮಿಲ್ಲರ್ ಕೂಡ, 1943ರ ನವೆಂಬರ್‌ನಲ್ಲಿ ತಮ್ಮ ಹಡಗು ಮುಳುಗಿ ಸಾಯುವಾಗ ಅಡುಗೆಯವರಾಗಿಯೇ ಇದ್ದರು. 1942ರ ಜೂನ್‌ನಲ್ಲಿ ಇತರ ಕೆಲಸಗಳಿಗೂ ಕಪ್ಪು ಜನರನ್ನು ತೆಗೆದುಕೊಳ್ಳಲಾರಂಭಿಸಿದರು, ನಿಜ. ಆದರೆ ಹಾಗೆ ಬಂದವರಲ್ಲಿ ಹೆಚ್ಚಿನವರು ಯುದ್ಧಕಾಲಕ್ಕೆಂದು ಮೀಸಲು ಪಡೆಗೆ ಸೇರಿದವರು; ಯುದ್ಧ ಮುಗಿದೊಡನೆ ಮನೆಗೆ ಮರಳಿದರು. ಖಾಯಂ ಸೇವೆಯಲ್ಲಿ ಉಳಿದವರಲ್ಲಿ ಸ್ಟೂವರ್ಡ್‌ಗಳೇ ಹೆಚ್ಚು. ಹೀಗಾಗಿ ನಿರ್ಬಂಧ ತೆಗೆದ ಸುತ್ತೋಲೆ ಹೊರಟು ಮೂರು ವರ್ಷ ಕಳೆದರೂ, ಅಂದರೆ 1949ರಲ್ಲಿಯೂ, ನೌಕಾಪಡೆಯಲ್ಲಿದ್ದ ಕಪ್ಪು ನಾವಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಧಿಕಾರಿಗಳ ಊಟದ ಕೋಣೆಯಲ್ಲಿಯೇ ಇದ್ದರು.

ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅಡುಗೆಯಿಲ್ಲದೆ ಯಾವ ಹಡಗೂ ಸಾಗುವುದಿಲ್ಲ. ಆದರೆ ಎಷ್ಟು ವರ್ಷ ದುಡಿದರೂ ಸ್ಟೂವರ್ಡ್‌ಗೆ ಪೆಟಿ ಆಫೀಸರ್ (ಸಾಮಾನ್ಯ ನಾವಿಕರಿಗಿಂತ ಮೇಲಿನ, ಅಧಿಕಾರಿಗಳಿಗಿಂತ ಕೆಳಗಿನ) ದರ್ಜೆ ಸಿಗುತ್ತಿರಲಿಲ್ಲ. ವಿಭಾಗದ ತುದಿ ಮುಟ್ಟಿದ ಮುಖ್ಯ ಸ್ಟೂವರ್ಡ್ ಸಹ ಅತಿ ಕಿರಿಯ ಪೆಟಿ ಆಫೀಸರ್‌ಗಿಂತ ಕೆಳಗಿನವನೆಂದೇ ಎಣಿಕೆ. ತಲೆ ನರೆತ ಮನುಷ್ಯನೊಬ್ಬ ತನ್ನ ಮಗನ ವಯಸ್ಸಿನವನ ಅಪ್ಪಣೆಗೆ ಕಾಯಬೇಕಾದ ಈ ವ್ಯವಸ್ಥೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದನ್ನು ಬದಲಿಸಲು ಪಟ್ಟು ಹಿಡಿದವರು ಡೆನಿಸ್ ನೆಲ್ಸನ್. 1944ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ನೌಕಾಪಡೆಯ ಅಧಿಕಾರಿಗಳಾದ ಹದಿಮೂರು ಕಪ್ಪು ಜನರಲ್ಲಿ ಅವರೂ ಒಬ್ಬರು, ಹಾಗೂ ಆ ಹದಿಮೂರರಲ್ಲಿ ನೌಕಾಪಡೆಯನ್ನೇ ಜೀವನದ ವೃತ್ತಿಯಾಗಿಸಿಕೊಂಡವರು ಅವರೊಬ್ಬರೇ. 1949ರಲ್ಲಿ ಮುಖ್ಯ ಸ್ಟೂವರ್ಡ್‌ಗಳಿಗೆ ಕೊನೆಗೂ ಮುಖ್ಯ ಪೆಟಿ ಆಫೀಸರ್ ದರ್ಜೆ ದೊರೆಯಿತು. ಸ್ಟೂವರ್ಡ್ ವಿಭಾಗಕ್ಕೆಂದೇ ಪ್ರತ್ಯೇಕವಾಗಿ ಭರ್ತಿ ಮಾಡಿಕೊಳ್ಳುವ ಪದ್ಧತಿ ನಿಂತದ್ದು 1954ರಲ್ಲಿ.

ಲೇಖನದಲ್ಲಿ ವೆಸ್ಲಿ ಬ್ರೌನ್ ಮತ್ತು ಜೆಸ್ಸಿ ಬ್ರೌನ್ ಅವರ ಪ್ರಸ್ತಾಪವಿದೆ. ಅದಕ್ಕಾಗಿ ಲೇಖಕರಿಗೆ ಕೃತಜ್ಞತೆಗಳು. 1949ರ ಜೂನ್‌ನಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ವೆಸ್ಲಿ ಬ್ರೌನ್. ಅವರಿಗಿಂತ ಮೊದಲು ಸೇರಿದ್ದ ಐವರಲ್ಲಿ ಒಬ್ಬರಿಗೂ ಓದು ಮುಗಿಸಲಾಗಿರಲಿಲ್ಲ. ಆ ಕಠಿಣ ದಿನಗಳಲ್ಲಿ ಅವರಿಗೆ ಧೈರ್ಯ ಹೇಳಿದ ಹಿರಿಯ ವಿದ್ಯಾರ್ಥಿಗಳಲ್ಲಿ ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಒಬ್ಬರು. ಜೆಸ್ಸಿ ಬ್ರೌನ್ ಅವರದು ಇನ್ನೂ ಮನಕಲಕುವ ಕಥೆ. ಮಿಸಿಸಿಪಿಯ ಬಡ ಕುಟುಂಬದಿಂದ ಬಂದು 1948ರ ಅಕ್ಟೋಬರ್‌ನಲ್ಲಿ ನೌಕಾ ವೈಮಾನಿಕರಾದ ಅವರು, ಕೊರಿಯಾ ಯುದ್ಧದಲ್ಲಿ ಲೇಟಿ ಎಂಬ ವಿಮಾನವಾಹಕ ನೌಕೆಯಿಂದ ಹಾರುತ್ತಿದ್ದರು. 1950ರ ಡಿಸೆಂಬರ್ 4ರಂದು ಚೋಸಿನ್ ಸರೋವರದ ಬಳಿಯ ಹಿಮದ ಬೆಟ್ಟದ ಮೇಲೆ ಅವರ ವಿಮಾನ ಬಿದ್ದಾಗ, ಬಿಳಿಯ ಸಹವೈಮಾನಿಕ ಥಾಮಸ್ ಹಡ್ನರ್ ತಮ್ಮ ವಿಮಾನವನ್ನು ಬೇಕೆಂದೇ ಅದೇ ಇಳಿಜಾರಿನಲ್ಲಿ ಇಳಿಸಿ, ಹೊಗೆಯಾಡುತ್ತಿದ್ದ ಎಂಜಿನ್‌ಗೆ ಬರಿಗೈಯಿಂದ ಹಿಮ ತುಂಬಿದರು. ಸಿಕ್ಕಿಕೊಂಡಿದ್ದ ಕಾಲನ್ನು ಬಿಡಿಸಲಾಗಲಿಲ್ಲ. ಬ್ರೌನ್ ಅಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ 24 ವರ್ಷ.

ಇಂತಹ ಮೊದಲಿಗರ ಹೆಸರುಗಳು ಪಠ್ಯಗಳಿಗೂ ಪತ್ರಿಕೆಗಳಿಗೂ ಸುಲಭವಾಗಿ ಸಿಗುತ್ತವೆ. ಆದರೆ ಅವರಿಬ್ಬರನ್ನಷ್ಟೇ ಮುಂದಿಟ್ಟರೆ, ಅದೇ ವರ್ಷಗಳಲ್ಲಿ ಅದೇ ನೌಕಾಪಡೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಸಾವಿರಾರು ಜನ ಕಣ್ಣಿಗೆ ಬೀಳುವುದೇ ಇಲ್ಲ. ಟ್ರೂಮನ್ ಆದೇಶದ ಒಕ್ಕಣೆಯಲ್ಲಿ ಸಮಾನ ಅವಕಾಶದ ಮಾತಿದೆಯೇ ಹೊರತು ಪ್ರತ್ಯೇಕತೆಯನ್ನು ನಿಲ್ಲಿಸಬೇಕೆಂಬ ನೇರ ಮಾತಿಲ್ಲ. ಅದನ್ನು ಜಾರಿಗೆ ತರಿಸಲು ಚಾರ್ಲ್ಸ್ ಫಾಹಿ ಅವರ ಸಮಿತಿ ಮೂರೂ ಪಡೆಗಳ ಲೆಕ್ಕ ಕೇಳಬೇಕಾಯಿತು. ಸುತ್ತೋಲೆಯನ್ನು ತೋರಿಸಿ ತಾನು ಎಲ್ಲರಿಗಿಂತ ಮುಂದಿದ್ದೇನೆಂದು ಹೇಳಿಕೊಳ್ಳಬಹುದಾಗಿದ್ದ ನೌಕಾಪಡೆಗೆ ಅಲ್ಲಿ ಎದುರಾದದ್ದು ಸ್ಟೂವರ್ಡ್‌ಗಳ ಸಂಖ್ಯೆ.

ಆದ್ದರಿಂದ ಲೇಖನದ ಮುಂದಿನ ಕಂತಿನಲ್ಲಿ 1946ರ ಸುತ್ತೋಲೆಯನ್ನೂ ಸ್ಟೂವರ್ಡ್ ವಿಭಾಗದ ಸಂಗತಿಯನ್ನೂ ಸೇರಿಸಬೇಕೆಂದು, 1948ರಲ್ಲಿ ಒಂದೇ ಸಹಿಯಿಂದ ಎಲ್ಲವೂ ಬದಲಾಯಿತೆಂಬ ಸಾಲನ್ನು ತಿದ್ದಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕ
ಧಾರವಾಡ