ಒಂದು ಮಾತ್ರೆ ಹೆಚ್ಚಾಗಿದ್ದ ಹಾಡು

ಮೊದಲು ನಮ್ಮ ಡ್ರಮ್ಮರ್ ಹತ್ತಿರ ಕ್ಷಮೆ ಕೇಳಬೇಕು. ಥ್ಯಾಂಕ್ಸ್ ಎಲ್ಲ ಆಮೇಲೆ.

ನಮ್ಮ ಬ್ಯಾಂಡಿನ ಮೊದಲ ಸಿಂಗಲ್ ಹೊರಬಂದು ಮೂರು ವಾರವಾಯಿತು. ಕೇಳಿದವರು, ಹಂಚಿದವರು, "ಇದೇನ್ರೋ ಗಲಾಟೆ" ಅಂತ ಬೈಯುತ್ತಲೇ ಕೊನೆವರೆಗೂ ಕೇಳಿದವರು, ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಶಿವಮೊಗ್ಗ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುವ ಗಾದೆ ಹಿಡಿದು ಹಾಡು ಕಟ್ಟಲು ಕೂತೆವು. ನನ್ನ ಬೇಸ್ ಗಿಟಾರಿಗೆ ಸಿಕ್ಕಿದ್ದು ಏಳರ ಎಣಿಕೆ: ಮೂರು, ನಾಲ್ಕು, ಮೂರು, ನಾಲ್ಕು. ರಾಕ್ ಹಾಡು ಹೆಚ್ಚಾಗಿ ನಾಲ್ಕರಲ್ಲೇ ನಡೆಯುತ್ತದೆ. ಏಳರಲ್ಲಿ ಮಾಡಿದ್ದೇವೆ ಅನ್ನುವ ಜಂಬ ನಮಗೂ ಸ್ವಲ್ಪ ಇತ್ತು. ಆದರೆ "ಮಳೆಯು ನಿಂತರೂ" ಅನ್ನುವಲ್ಲಿಗೆ ಬಂದಾಗೆಲ್ಲ ಡ್ರಮ್ಸ್ ಮುಗ್ಗರಿಸುತ್ತಿತ್ತು. ಎರಡು ತಿಂಗಳು ಆ ಹುಡುಗನನ್ನು ಬೈದೆವು. ಕಿವಿಗೆ ಕ್ಲಿಕ್ (ತಾಳ ಎಣಿಸುವ ಟಿಕ್-ಟಿಕ್ ಸದ್ದು) ಹಾಕಿಕೊಂಡು ಒಬ್ಬನೇ ಅಭ್ಯಾಸ ಮಾಡು ಅಂದೆವು. ಮಾಡಿದ. ಮತ್ತೆ ಅಲ್ಲೇ ಮುಗ್ಗರಿಸಿದ.

ಒಂದು ಸಂಜೆ ಗಿಟಾರಿಸ್ಟ್‌ನ ದೊಡ್ಡಪ್ಪ ಅವನನ್ನು ಕರೆದುಕೊಂಡು ಹೋಗಲು ಬಂದರು. ನಿವೃತ್ತ ಕನ್ನಡ ಮೇಷ್ಟ್ರು. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರಲ್ಲವೇ, ಅಲ್ಲಿಗೆ ಓಡಾಡಿ ಕಾವ್ಯ ವಾಚಿಸುವುದನ್ನು ಕಲಿತವರು. ಅಡಿಕೆ ಮೂಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಮಡಚುತ್ತ ಕೇಳಿದರು. ಕಿವಿ ಮುಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಹುಡುಗನದ್ದೇನೂ ತಪ್ಪಿಲ್ಲ ಕಣ್ರೋ. ನಿಮ್ಮ ಸಾಲಲ್ಲೇ ಒಂದು ಮಾತ್ರೆ ಜಾಸ್ತಿ ಇದೆ. ನೀವು ಬಡೀತಿರೋದು ಭಾಮಿನಿ ಷಟ್ಪದಿ, ಗೊತ್ತಾ?"

ಗೊತ್ತಿರಲಿಲ್ಲ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಭಾಮಿನಿ ಷಟ್ಪದಿ ಅಂದರೆ ಅದನ್ನು ಎಣಿಸಿ ಕಟ್ಟುವ ಆರು ಸಾಲಿನ ಪದ್ಯ. ಕುಮಾರವ್ಯಾಸ ಭಾರತದ ಹತ್ತು ಪರ್ವ ಹೇಳಿದ್ದು ಇದೇ ಮೂರು-ನಾಲ್ಕರ ನಡೆಯಲ್ಲಿ. ಒಂಬತ್ತನೇ ಕ್ಲಾಸಿನಲ್ಲಿ ಲಘು-ಗುರು (ಒಂದು ಮಾತ್ರೆಯದು ಲಘು, ಎರಡರದ್ದು ಗುರು) ಹಾಕಿ ಅಂಕ ತೆಗೆದುಕೊಂಡವನು ನಾನು, ನನ್ನದೇ ಹಾಡಿಗೆ ಹಾಕಿ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಮೇಷ್ಟ್ರು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. "ಮಳೆಯು" ಮೂರು. "ನಿಂತರೂ" ಐದು. "ರೂ" ದೀರ್ಘ, ಅದಕ್ಕೆ ಎರಡು ಮಾತ್ರೆ. ಹೆಚ್ಚಾದದ್ದು ಅಲ್ಲೇ. ಆ ದೀರ್ಘ ಕಿತ್ತೆವು:

ಮಳೆಯು ನಿಂತರು ಮರದ ಹನಿಗಳು
ಇಳಿದು ಬೀಳುವ ಸದ್ದು ನಿಲ್ಲದು

ಮೊದಲ ಸಲಕ್ಕೇ ಸರಿಬಂತು. ಡ್ರಮ್ಮರ್ ಮಾತಾಡಲಿಲ್ಲ, ಕೋಲು ಕೆಳಗಿಟ್ಟು ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ಆ ನೋಟಕ್ಕೆ ಈ ಕ್ಷಮೆ. ("ಯಾರು ನಿಂತರು?" ಅಂತ ಕೇಳಿದ ಕೇಳುಗರಿಗೆ: ಯಾರೂ ನಿಂತಿಲ್ಲ ಸಾರ್, ದೀರ್ಘಕ್ಕೆ ಜಾಗ ಇರಲಿಲ್ಲ.)

ಷಟ್ಪದಿಯ ಮೂರನೇ ಮತ್ತು ಆರನೇ ಸಾಲು ಉದ್ದ: ಏಳು ಮೂರು ಸಲ, ಮೇಲೊಂದು ಗುರು, ಒಟ್ಟು ಇಪ್ಪತ್ತಮೂರು ಮಾತ್ರೆ. ಆ ಗುರುವಿನ ಎರಡು ಕಳೆದು ಏಳರ ಸುತ್ತು ಮುಗಿಯಲು ಇನ್ನೂ ಐದು ಉಳಿಯುತ್ತದೆ. ಎರಡು ನಿಮಿಷದ ಸೋಲೋ ಕೇಳುತ್ತಿದ್ದ ಗಿಟಾರಿಸ್ಟ್‌ಗೆ ಆ ಐದು ಮಾತ್ರೆ ಕೊಟ್ಟೆವು. ಈಗ ಎಲ್ಲರೂ ಹೊಗಳುತ್ತಿರುವುದು ಅದನ್ನೇ, ಅನ್ಯಾಯ.

ಮೂಟೆಗಳ ಮಾತು ಬಂತಲ್ಲ, ಡ್ರಮ್ಮರ್‌ನ ಸೋದರಮಾವನಿಗೆ ದೊಡ್ಡ ನಮಸ್ಕಾರ. ಅವರ ಅಡಿಕೆ ಗೋದಾಮೇ ನಮ್ಮ ಜಾಮ್ ರೂಮ್. ಫಸಲು ಬಂದು ಗೋಡೆವರೆಗೂ ಮೂಟೆ ಪೇರಿಸಿದಾಗ ಸದ್ದು ಹೊರಗೆ ಹೋಗುವುದಿಲ್ಲ, ಒಳಗೆ ಗುಂಯ್‌ಗುಡುವುದೂ ಇಲ್ಲ. ದುಡ್ಡು ಸುರಿದು ಫೋಮ್ ಅಂಟಿಸಿದ ರೂಮುಗಳಲ್ಲೂ ನುಡಿಸಿದ್ದೇವೆ, ಇಷ್ಟು ಚೆನ್ನಾಗಿರಲಿಲ್ಲ. ಮಾವ ಒಂದು ಪೈಸೆ ಬಾಡಿಗೆ ಕೇಳಲಿಲ್ಲ. "ಇಲಿ ಬರೋದು ನಿಂತಿದೆ" ಅಂದರು.

ಬೆಂಗಳೂರಿನಲ್ಲಿ ರೆಕಾರ್ಡ್ ಮಾಡಿದ ಸೌಂಡ್ ಇಂಜಿನಿಯರ್ ಅಣ್ಣನಿಗೂ ಋಣಿ. ಹಾಡಿನ ಶುರುವಿಗೆ ನಾನು ಮುಕ್ಕಾಲು ನಿಮಿಷ ಬೇಸ್ ಒಂದನ್ನೇ ಇಟ್ಟಿದ್ದೆ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ ಲೆಕ್ಕಕ್ಕೆ ಬರುತ್ತದೆ, ದನಿ ಬರುವ ಮೊದಲೇ ಜನ ಎದ್ದು ಹೋಗುತ್ತಾರೆ ಅಂತ ಅವರು ಕತ್ತರಿ ಹಾಕಿದರು. ಬೇಜಾರಾಗಿತ್ತು. ಈಗ ಇಲ್ಲ. 2024ರಿಂದ ಅಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಪ್ಲೇ ಆಗದ ಹಾಡಿಗೆ ದುಡ್ಡೂ ಇಲ್ಲ. ನಮ್ಮದು ಹನ್ನೊಂದನೇ ದಿನ ಸಾವಿರ ದಾಟಿತು. ಕೈಗೆ ಬರುವುದು ಟೀ ಖರ್ಚಿಗೂ ಸಾಲದು, ಆದರೂ ಆ ರಾತ್ರಿ ನಾಲ್ಕೂ ಮನೆಯಲ್ಲಿ ಪಾಯಸ ಆಯಿತು.

ಕಳೆದ ವರ್ಷ ಒಂದು ಕಾಲೇಜು ಫೆಸ್ಟಿನಲ್ಲಿ ಎರಡನೇ ಹಾಡಿಗೇ ಮೈಕ್ ಆಫ್ ಮಾಡಿ ನಮ್ಮನ್ನು ಇಳಿಸಿದ್ದರು. ಅವತ್ತು ಬ್ಯಾಂಡ್ ಮುಗಿಯಿತು ಅಂತಲೇ ವ್ಯಾನ್ ಹತ್ತಿದ್ದೆವು. ಮುಂದಿನ ಭಾನುವಾರ ನಮ್ಮೆಲ್ಲರಿಗಿಂತ ಮೊದಲು ಗೋದಾಮಿನ ಬೀಗ ತೆಗೆದು ಕೂತಿದ್ದವನೂ ಅದೇ ಡ್ರಮ್ಮರ್.

ಹೆವಿ ಮೆಟಲ್ ಸಂಗೀತದ ಗೆಳೆಯರೇ, "ತುಂಬ ಮೆತ್ತಗಾಯ್ತು" ಅಂದಿದ್ದು ಮುಟ್ಟಿದೆ. ಲಘು-ಗುರು ಪಾಠಕ್ಕೆ ಈ ಹಾಡು ಹಾಕಿ, ಮಕ್ಕಳು ಬೆಂಚು ಬಡಿದ ಸುದ್ದಿ ಕಳಿಸಿದ ಹೈಸ್ಕೂಲ್ ಮೇಡಂ, ನಿಮ್ಮ ಸಂದೇಶವನ್ನು ನಮ್ಮ ಮೇಷ್ಟ್ರಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಸದ್ಯ ಅಡಿಕೆ ಮಂಡಿಗೆ ಹೋಗಿ ಗೋದಾಮು ಖಾಲಿಯಾಗಿದೆ, ಗುಂಯ್ ಅನ್ನುತ್ತಿದೆ. ಶಿವಮೊಗ್ಗದಲ್ಲಿ ಯಾರ ಮನೆಯಲ್ಲಾದರೂ ಹಳೇ ಹತ್ತಿ ಹಾಸಿಗೆ ಬಿದ್ದಿದ್ದರೆ ತಿಳಿಸಿ, ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ.