ಛಾಯಾಗ್ರಹಣ ಶಿಬಿರಗಳಲ್ಲಿ ಕಿವುಡರಿಗೂ ಜಾಗವಿರಲಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಬಸವನಗುಡಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೊ ತೆಗೆಯುವವನು. ಸರ್ಕಾರದ ಹಣದಲ್ಲಿ ಬೆಂಗಳೂರಿನಲ್ಲಿ ನಡೆಯುವ ಛಾಯಾಗ್ರಹಣ ಶಿಬಿರಗಳಲ್ಲಿ ಕಿವುಡರೂ ಕೂತು ಕಲಿಯುವಂತಾಗಬೇಕೆಂಬ ಒಂದೇ ಕೋರಿಕೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎರಡನೇ ಕ್ಯಾಮೆರಾ ಹಿಡಿಯುವ ಯುವಕ ಹುಟ್ಟು ಕಿವುಡ. ಮಾಂಗಲ್ಯಧಾರಣೆಯ ಹೊತ್ತಿಗೆ ನಾವೆಲ್ಲ ಗಟ್ಟಿಮೇಳದ ಸದ್ದಿಗೆ ಎಚ್ಚೆತ್ತುಕೊಂಡರೆ, ಅವನು ವಾಲಗದವರಿಗೆ ಕೈ ಎತ್ತಿ ಸೂಚನೆ ಕೊಡುವ ಪುರೋಹಿತರ ಬೆರಳು ಕಾಣುವಂತೆ ಮೊದಲೇ ಜಾಗ ಹಿಡಿದಿರುತ್ತಾನೆ. ಡೋಲು ಮೊಳಗುವ ಮೊದಲೇ ಅವನ ಕ್ಯಾಮೆರಾ ಸಿದ್ಧವಾಗಿರುತ್ತದೆ. ಅಕ್ಷತೆ ಬೀಳುವುದಕ್ಕೆ ಮುಂಚಿನ ವಧುವಿನ ಮುಖ ನಮ್ಮ ಆಲ್ಬಂಗಳಲ್ಲಿ ಬಹುಪಾಲು ಅವನು ತೆಗೆದದ್ದೇ. (ಕಿವುಡರಿಗೆ ಕಣ್ಣು ಚುರುಕೆಂದು ಹೊಗಳಿ ಸುಮ್ಮನಾಗುವವರಿದ್ದಾರೆ. ಇದು ದುಡಿದು ಕಲಿತ ಕಸುಬು.)

ಇಂಥವನು ನಗರದ ಉಚಿತ ಶಿಬಿರವೊಂದಕ್ಕೆ ಸೇರುವಾಗ ಸನ್ನೆ ಭಾಷೆಯ ದುಭಾಷಿ ಬೇಕೆಂದು ಅರ್ಜಿಯಲ್ಲೇ ಬರೆದಿದ್ದರೂ, ಪಕ್ಕದವರ ನೋಟ್ಸ್ ನೋಡಿಕೊಳ್ಳಿ ಎಂಬ ಉತ್ತರ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವನು ಸ್ಟುಡಿಯೊಗೆ ವಾಪಸಾಗಿದ್ದ.

ದುಭಾಷಿಯನ್ನು ಕರೆಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆಂದೂ ಅಲ್ಲ. ಚಿತ್ರ ತೋರಿಸಲು ದೀಪ ಆರಿಸಿದೊಡನೆ ದುಭಾಷಿಯ ಕೈಗಳು ಕತ್ತಲಲ್ಲಿ ಕಾಣದಾಗುತ್ತವೆಯಾದ್ದರಿಂದ ಅವರ ಮೇಲೊಂದು ಸಣ್ಣ ದೀಪ ಉರಿಯುತ್ತಿರಬೇಕು. ವ್ಯೂಫೈಂಡರ್‌ಗೆ ಕಣ್ಣಿಟ್ಟವನು ಅದೇ ಕ್ಷಣದಲ್ಲಿ ಸನ್ನೆಯನ್ನು ನೋಡಲಾರ. ಶಟರ್, ಅಪರ್ಚರ್‌ಗಳ ವಿಷಯವನ್ನು ಮೊದಲು ಹೇಳಿ ಮುಗಿಸಿ, ಆಮೇಲೆ ತೆಗೆಯಲು ಬಿಟ್ಟು, ಮತ್ತೆ ಕರೆದು ತಿದ್ದುವ ಕ್ರಮ ಬೇಕು. ಲಾಲ್‌ಬಾಗ್‌ನಲ್ಲಿ ನಡೆಯುತ್ತಾ ಪಾಠ ಹೇಳುವ ಶಿಕ್ಷಕರು ಮಾತಾಡುವಾಗ ನಿಂತು ಕಿವುಡರ ಕಡೆ ತಿರುಗಬೇಕು. ದಿನವಿಡೀ ನಡೆಯುವ ಶಿಬಿರಕ್ಕೆ ಸರದಿಯಲ್ಲಿ ಕೆಲಸ ಮಾಡಲು ಇಬ್ಬರು ದುಭಾಷಿಗಳು ಬೇಕು, ಏಕೆಂದರೆ ಅರ್ಧ ಗಂಟೆ ದಾಟಿದರೆ ದಣಿವಿನಿಂದ ತಪ್ಪುಗಳು ನುಸುಳುತ್ತವೆ. ಕಿವುಡರು ತರಗತಿಯಲ್ಲಿದ್ದರೆ ಉಳಿದವರಿಗೂ ಲಾಭವಿದೆ: ಸನ್ನೆಯಲ್ಲಿ ಮಾತಾಡುವವರ ಚಿತ್ರವನ್ನು ಕೈಗಳೇ ಕಾಣದಂತೆ ಎದೆಯ ಮೇಲಕ್ಕೆ ಕತ್ತರಿಸಿ ಅಚ್ಚು ಹಾಕುವ ನಮ್ಮ ಅಭ್ಯಾಸವನ್ನು ಅವರಲ್ಲದೆ ಇನ್ನಾರು ತಿದ್ದಿಯಾರು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್, ಕಲೆ ಮತ್ತು ಸಂಸ್ಕೃತಿಯ ಕೋರ್ಸ್‌ಗಳನ್ನು ಅಂಗವಿಕಲರು ಭಾಗವಹಿಸಲಾಗುವಂತೆ ಮರುರೂಪಿಸುವ ಹೊಣೆಯನ್ನು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೊರಿಸಿದೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದುಭಾಷಿಗಳನ್ನು ತಯಾರು ಮಾಡುತ್ತಿದೆ. ಕೊರತೆಯಿರುವುದು ನಮ್ಮ ಅಂದಾಜುಪಟ್ಟಿಯಲ್ಲಿ: ಶಾಮಿಯಾನ, ಹಾರ, ನೆನಪಿನ ಕಾಣಿಕೆಗಳಿಗೆ ಒಂದೊಂದು ಸಾಲು ಇರುವಲ್ಲಿ ದುಭಾಷಿಯ ಸಂಭಾವನೆಗೆ ಸಾಲೇ ಇಲ್ಲ.

ಆದ್ದರಿಂದ ತಮ್ಮ ಇಲಾಖೆಯ ಅನುದಾನದಲ್ಲಿ ನಡೆಯುವ ಪ್ರತಿ ಛಾಯಾಗ್ರಹಣ ಕಾರ್ಯಕ್ರಮದ ಅಂದಾಜುಪಟ್ಟಿಯಲ್ಲಿ ಆ ಸಾಲನ್ನು ಕಡ್ಡಾಯಗೊಳಿಸುವ ಸುತ್ತೋಲೆ ಹೊರಡಿಸಬೇಕೆಂದೂ, ಬರುವ ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನದ ಕಾರ್ಯಕ್ರಮಗಳಿಂದಲೇ ಅದು ಜಾರಿಗೆ ಬರಬೇಕೆಂದೂ ವಿನಂತಿಸುತ್ತೇನೆ. ಶಿಬಿರದ ಪಾಠಕ್ರಮವನ್ನು ಹೊಂದಿಸುವ ಕೆಲಸಕ್ಕೆ ಕರೆದರೆ ನಾನೂ ನಮ್ಮ ಹುಡುಗನೂ ಸಂಭಾವನೆ ಇಲ್ಲದೆ ಬರಲು ಸಿದ್ಧರಿದ್ದೇವೆ. ದುಭಾಷಿಗೆ ಮಾತ್ರ ಸಂಭಾವನೆ ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಮದುವೆ ಛಾಯಾಗ್ರಾಹಕ, ಬಸವನಗುಡಿ, ಬೆಂಗಳೂರು