ನಗಿಸಿದ್ದಕ್ಕೆ ಅಂಕ ಕಳೆಯಬೇಕೇ?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ 2004ರ ಹಾಂಗ್‌ಕಾಂಗ್ ಸಿನಿಮಾ ‘ಕುಂಗ್ ಫೂ ಹಸಲ್’ ಬಗ್ಗೆ ಬಂದ ಬರಹ ಓದಿದೆ. ಹಾಸ್ಯವೋ, ಹೊಡೆದಾಟವೋ, ಮಾಯಾಜಾಲವೋ ಗೊತ್ತಾಗುವುದಿಲ್ಲ ಎಂದು ವಿಮರ್ಶಕರು ಅಂಕ ಕಳೆದಿದ್ದಾರೆ. ನನಗಿದು ಒಪ್ಪಿಗೆಯಿಲ್ಲ. ಎಲ್ಲವನ್ನೂ ಬೆರೆಸಲಿ ಬಿಡಿ. ಬೆರೆಸಿದ ಮೇಲೂ ಪಾತ್ರಗಳ ಮೇಲೆ ನಮಗೆ ಅಕ್ಕರೆ ಉಳಿಯುತ್ತದೆಯೇ ಅಂತ ನೋಡಬೇಕು, ಅಲ್ವಾ?

ನಾನು ಟೈಲರ್. ಹಾಗಾಗಿ ಆ ಸಿನಿಮಾದ ಟೈಲರ್ ಮೇಲೇ ನನ್ನ ಕಣ್ಣು. 1940ರ ದಶಕದ ಶಾಂಘೈ, ಬಡವರ ವಠಾರ. ಅಲ್ಲಿ ಅವನದೊಂದು ಪುಟ್ಟ ಅಂಗಡಿ. ಮೆತ್ತಗಿನ ಮಾತು, ಒನಪಿನ ನಡಿಗೆ. ನೋಡಿದರೆ ನಗು ಬರುತ್ತದೆ. ಗೂಂಡಾಗಳು ನುಗ್ಗಿದಾಗ ಅದೇ ಮನುಷ್ಯ ತೋಳುಗಳಿಗೆ ಕಬ್ಬಿಣದ ಬಳೆ ಏರಿಸಿಕೊಂಡು ಎದುರು ನಿಲ್ಲುತ್ತಾನೆ. ಆ ಪಾತ್ರ ಮಾಡಿದ ಚಿಯು ಚಿ ಲಿಂಗ್ ನಿಜವಾಗಿಯೂ ಹಂಗ್ ಗಾರ್ ಎಂಬ ಶೈಲಿಯ ಕುಂಗ್ ಫೂ ಗುರು. ಅವರು ತೋಳು ಬೀಸುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಆಮೇಲೆ ತಂತಿವಾದ್ಯ ನುಡಿಸುವ ಇಬ್ಬರು ಕೊಲೆಗಾರರು ಬರುತ್ತಾರೆ. ತಂತಿ ಮೀಟಿದರೆ ನಾದವೇ ಕತ್ತಿಯಾಗಿ ಹಾರುತ್ತದೆ. ನಂಬುವ ಮಾತಲ್ಲ. ಆದರೂ ಟೈಲರ್‌ಗೆ ಪೆಟ್ಟು ಬಿದ್ದಾಗ ನನ್ನ ಕರುಳು ಚುರ್ ಅಂದಿತು. ಮೊದಲು ಅಷ್ಟು ನಗಿಸದಿದ್ದರೆ ಅವನು ನಮಗೆ ಅಷ್ಟು ಹತ್ತಿರವಾಗುತ್ತಿರಲಿಲ್ಲ.

ಬರಹದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿ ಇದೆ. ವಠಾರದ ಮಾಲೀಕ ದಂಪತಿಯಾಗಿ ನಟಿಸಿದ ಯುವೆನ್ ವಾ ಮತ್ತು ಯುವೆನ್ ಚಿಯು ಇಬ್ಬರೂ ಚಿಕ್ಕಂದಿನಲ್ಲಿ ಒಬ್ಬರೇ ಗುರುವಿನ ಬಳಿ ಪೀಕಿಂಗ್ ಒಪೆರಾ ಎಂಬ ಚೀನೀ ರಂಗಕಲೆ ಕಲಿತವರು. ಜಾಕಿ ಚಾನ್ ಕಲಿತದ್ದೂ ಅದೇ ಗುರುವಿನ ಶಾಲೆಯಲ್ಲಿ. ಆ ಕಲೆಯಲ್ಲಿ ಹಾಡು, ಅಭಿನಯ, ಲಾಗ, ಕಾಳಗ ಎಲ್ಲ ಒಂದೇ ರಂಗದ ಮೇಲೆ. ತಲೆತುಂಬ ಕರ್ಲರ್, ತುಟಿಯಲ್ಲಿ ಸಿಗರೇಟ್ ಇಟ್ಟುಕೊಂಡು ಬಾಡಿಗೆದಾರರನ್ನು ಬೈಯುವ ಆ ಹೆಂಗಸು ಒಮ್ಮೆ ಕೂಗಿದರೆ ಎದುರಿದ್ದವರು ಹಾರಿಹೋಗುತ್ತಾರೆ. ಅಲ್ಲಿ ಹಾಸ್ಯವನ್ನೂ ಹೊಡೆದಾಟವನ್ನೂ ಬೇರೆ ಮಾಡಿ ತೂಗುವುದು ಹೇಗೆ?

ಅಂಕ ಕಳೆಯಬೇಕಾದ ಜಾಗ ಬೇರೆಯೇ ಇದೆ. ನಿರ್ದೇಶಕ ಸ್ಟೀಫನ್ ಚೌ ಅವರೇ ಮಾಡಿದ ನಾಯಕನ ಪಾತ್ರ ಪುಂಡನಿಂದ ಮಹಾವೀರನಾಗುವುದು ತೀರಾ ಅವಸರದಲ್ಲಿ. ಐಸ್‌ಕ್ರೀಮ್ ಮಾರುವ ಮೂಕ ಹುಡುಗಿಗಂತೂ ಒಂದು ಲಾಲಿಪಾಪ್ ಕೈಗೆ ಕೊಟ್ಟು ಬಿಟ್ಟುಬಿಟ್ಟಿದ್ದಾರೆ. ಆ ಪ್ರೀತಿಗೆ ಇನ್ನೆರಡು ದೃಶ್ಯ ಬೇಕೇ ಬೇಕಿತ್ತು. ವಿಮರ್ಶಕರು ಇದರ ಬಗ್ಗೆ ಬರೆದಿದ್ದರೆ ನಾನೂ ಹೌದು ಅನ್ನುತ್ತಿದ್ದೆ.

– ಒಬ್ಬ ಟೈಲರ್, ದಾವಣಗೆರೆ